ಒಂದೇ ಪದರದ ಅತಿವಾಹಕ: ಸಂಧಿತಲದ ಪರಮಾಣುಗಳು ಮಾಡುವ ಕೆಲಸ

ಕಬ್ಬಿಣ ಮತ್ತು ಸೆಲೆನಿಯಂ ಪರಮಾಣುಗಳು ಸಮಪ್ರಮಾಣದಲ್ಲಿ ಸೇರಿ ಆಗುವ ಐರನ್ ಸೆಲೆನೈಡ್ ಹರಳನ್ನು ಸುಮಾರು 8 ಕೆಲ್ವಿನ್‌ಗೆ, ಅಂದರೆ ಶೂನ್ಯಕ್ಕಿಂತ 265 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪುಗೊಳಿಸಿದರೆ ಅದು ವಿದ್ಯುತ್ತಿಗೆ ಯಾವ ರೋಧವನ್ನೂ ಒಡ್ಡದ ಅತಿವಾಹಕವಾಗುತ್ತದೆ. ಅದೇ ವಸ್ತುವಿನ ಒಂದೇ ಒಂದು ಪದರವನ್ನು ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಬೇರೊಂದು ಹರಳಿನ ಮೇಲೆ ಬೆಳೆಸಿದಾಗ ಅತಿವಾಹಕತೆಯ ಲಕ್ಷಣಗಳು ಸುಮಾರು 65 ಕೆಲ್ವಿನ್‌ನಲ್ಲಿಯೇ ಕಾಣತೊಡಗುತ್ತವೆ. ಆ ಪದರದ ಮೇಲೆ ಇನ್ನೊಂದು ಪದರ ಬೆಳೆಸಿದರೆ ಎರಡನೆಯದರಲ್ಲಿ ಅವು ಕಾಣುವುದಿಲ್ಲ. ವಸ್ತು ಅದೇ, ಪರಮಾಣುಗಳೂ ಅವೇ. ಬದಲಾದದ್ದು ಕೆಳಗಿನ ನೆರೆಹೊರೆ ಮಾತ್ರ.

2012ರಲ್ಲಿ ಬೀಜಿಂಗಿನಿಂದ ಹೊರಬಿದ್ದ ಈ ಫಲಿತಾಂಶ ಅತಿವಾಹಕಗಳ ಅಧ್ಯಯನದಲ್ಲಿ ಒಂದು ಹೊಸ ದಾರಿಯನ್ನು ತೆರೆಯಿತು. ಎರಡು ವಸ್ತುಗಳು ಪರಸ್ಪರ ಕೂಡುವ ಗಡಿಯನ್ನು ವಿಜ್ಞಾನಿಗಳು ಇಂಟರ್‌ಫೇಸ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಸಂಧಿತಲ ಎನ್ನಬಹುದು. ತೆಳು ಪದರವನ್ನು ಹೊತ್ತು ನಿಲ್ಲುವ ತಳಹಾಸು ಕೇವಲ ಊರುಗೋಲಲ್ಲ, ಅದರ ಕೊನೆಯ ಒಂದೆರಡು ಪರಮಾಣು ಸಾಲುಗಳು ಮೇಲಿನ ಪದರದ ಸ್ವಭಾವವನ್ನೇ ನಿರ್ಧರಿಸಬಲ್ಲವು ಎಂಬುದು ಆ ಪ್ರಯೋಗದಿಂದ ಸ್ಪಷ್ಟವಾಯಿತು. ಹೇಗೆ ನಿರ್ಧರಿಸುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಇಂದಿಗೂ ನಡೆದಿದೆ.

ಈ ಪ್ರಶ್ನೆಯ ಹಿಂದೆ ಒಂದು ವ್ಯಾವಹಾರಿಕ ಗಡಿಯೂ ಇದೆ. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ಗಾಳಿಯಿಂದಲೇ ತೆಗೆಯಬಹುದಾದ ಈ ದ್ರವ ಅಗ್ಗ. ಅದಕ್ಕಿಂತ ಬಹಳ ಕೆಳಗಿನ ತಾಪಕ್ಕೆ ದ್ರವ ಹೀಲಿಯಂ ಬೇಕು. ಅದು ದುಬಾರಿ, ಸಿಗುವುದೂ ಕಷ್ಟ. ಒಂದು ಅತಿವಾಹಕ 77ರ ಗೆರೆಯ ಮೇಲಿದೆಯೇ ಕೆಳಗಿದೆಯೇ ಎಂಬುದರ ಮೇಲೆ ಅದರ ಬಳಕೆಯ ಭವಿಷ್ಯ ಬಹುಮಟ್ಟಿಗೆ ನಿಂತಿದೆ. ಆ ಗೆರೆಯ ಸಮೀಪಕ್ಕೆ ಬಂದ ಐರನ್ ಸೆಲೆನೈಡ್ ಪದರ ಅಷ್ಟೊಂದು ಕುತೂಹಲ ಕೆರಳಿಸಿದ್ದು ಆಶ್ಚರ್ಯವಲ್ಲ.

ಜೋಡಿ ಎಲೆಕ್ಟ್ರಾನುಗಳ ನಡಿಗೆ

ಅತಿವಾಹಕತೆಯನ್ನು ಮೊದಲು ಕಂಡವರು ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಹೈಕೆ ಕಾಮರ್ಲಿಂಗ್ ಓನ್ನೆಸ್. 1911ರಲ್ಲಿ ಅವರ ಪ್ರಯೋಗಾಲಯದಲ್ಲಿ ಪಾದರಸದ ವಿದ್ಯುತ್ ರೋಧ ಸುಮಾರು 4.2 ಕೆಲ್ವಿನ್‌ನಲ್ಲಿ ಥಟ್ಟನೆ ಇಲ್ಲವಾಯಿತು. ಅತಿವಾಹಕವು ತನ್ನೊಳಗಿಂದ ಕಾಂತಕ್ಷೇತ್ರವನ್ನು ಹೊರದೂಡುತ್ತದೆ ಎಂಬ ಎರಡನೆಯ ಲಕ್ಷಣವನ್ನು 1933ರಲ್ಲಿ ಜರ್ಮನಿಯ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಗುರುತಿಸಿದರು. ಈ ಎರಡೂ ಲಕ್ಷಣಗಳು ಒಟ್ಟಿಗೆ ಕಂಡರೆ ಮಾತ್ರ ಒಂದು ವಸ್ತುವನ್ನು ಅತಿವಾಹಕವೆಂದು ಒಪ್ಪುವುದು ವಾಡಿಕೆ. ಮುಂದೆ ಬರುವ ವಿವಾದವನ್ನು ಅರಿಯಲು ಇದನ್ನು ನೆನಪಿನಲ್ಲಿಡಬೇಕು.

ಇದರ ಕಾರಣವನ್ನು 1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ವಿವರಿಸಿದರು. ಋಣ ಆವೇಶದ ಎಲೆಕ್ಟ್ರಾನುಗಳು ಸಹಜವಾಗಿ ಒಂದನ್ನೊಂದು ವಿಕರ್ಷಿಸುತ್ತವೆ. ಆದರೆ ಹರಳಿನ ಜಾಲಕದೊಳಗೆ ಒಂದು ಎಲೆಕ್ಟ್ರಾನ್ ಹಾದುಹೋದಾಗ ಸುತ್ತಲಿನ ಧನ ಅಯಾನುಗಳು ಅದರತ್ತ ತುಸು ವಾಲುತ್ತವೆ. ಅವು ಮೊದಲಿನ ಸ್ಥಾನಕ್ಕೆ ಮರಳುವಷ್ಟರಲ್ಲಿ ಇನ್ನೊಂದು ಎಲೆಕ್ಟ್ರಾನ್ ಆ ಕಡೆಗೆ ಸೆಳೆಯಲ್ಪಡುತ್ತದೆ. ಹೀಗೆ ಜಾಲಕದ ಕಂಪನವೇ ದಲ್ಲಾಳಿಯಾಗಿ ಎರಡು ಎಲೆಕ್ಟ್ರಾನುಗಳನ್ನು ಜೋಡಿಸುತ್ತದೆ. ಜೋಡಿಯಾದ ಎಲೆಕ್ಟ್ರಾನುಗಳೆಲ್ಲ ಒಂದೇ ಲಯದಲ್ಲಿ ಸಾಗುವುದರಿಂದ ಅಡಚಣೆ ಉಳಿಯುವುದಿಲ್ಲ. ಜೋಡಿಯನ್ನು ಒಡೆಯಲು ಬೇಕಾದ ಶಕ್ತಿಗೆ ಸಂಬಂಧಿಸಿದ ಅಳತೆಯನ್ನು ಶಕ್ತಿ ಅಂತರ ಎನ್ನುತ್ತಾರೆ. ಅಂತರ ದೊಡ್ಡದಿದ್ದಷ್ಟೂ ಸಾಮಾನ್ಯವಾಗಿ ಸಂಕ್ರಮಣ ತಾಪ ಮೇಲಿರುತ್ತದೆ.

ಜೋಡಿಯಾಗುವುದು ಒಂದು ಕೆಲಸ, ಜೋಡಿಗಳೆಲ್ಲ ಒಂದೇ ಲಯಕ್ಕೆ ಬರುವುದು ಇನ್ನೊಂದು ಕೆಲಸ. ದಪ್ಪ ಹರಳಿನಲ್ಲಿ ಇವೆರಡೂ ಹೆಚ್ಚುಕಡಿಮೆ ಒಟ್ಟಿಗೆ ನಡೆಯುತ್ತವೆ. ಒಂದೇ ಪದರದಲ್ಲಿ ಹಾಗಾಗಬೇಕೆಂದಿಲ್ಲ.

ತೆಳುವಾದಂತೆ ಕುಂದುವುದೇ ರೂಢಿ

ಲೋಹವನ್ನು ತೆಳುವಾಗಿಸುತ್ತ ಹೋದರೆ ಅತಿವಾಹಕತೆ ದುರ್ಬಲವಾಗಬೇಕು ಎಂಬುದೇ ಸಾಮಾನ್ಯ ನಿರೀಕ್ಷೆ. ಸೀಸ ಇದಕ್ಕೆ ಒಳ್ಳೆಯ ಉದಾಹರಣೆ. ಗಟ್ಟಿ ಸೀಸದ ಸಂಕ್ರಮಣ ತಾಪ 7.2 ಕೆಲ್ವಿನ್. ಬೀಜಿಂಗಿನ ಛಿ-ಕುನ್ ಷ್ವೆ ನೇತೃತ್ವದ ತಂಡವು 2010ರಲ್ಲಿ ಸಿಲಿಕಾನಿನ ಮೇಲೆ ಸೀಸದ ಒಂದೇ ಪರಮಾಣು ಪದರವನ್ನು ಹಾಸಿ ಅಳೆದಾಗ ಅದು 1.8 ಕೆಲ್ವಿನ್ ಸುಮಾರಿಗೆ ಇಳಿದಿತ್ತು. ಒಂದೇ ಪದರದಲ್ಲಿ ಅತಿವಾಹಕತೆ ಉಳಿದದ್ದೇ ಆಗ ದೊಡ್ಡ ಸುದ್ದಿ.

ಐರನ್ ಸೆಲೆನೈಡ್ ಅಷ್ಟು ಹಳೆಯ ಅತಿವಾಹಕವೇನೂ ಅಲ್ಲ. ಕಬ್ಬಿಣವು ಕಾಂತಗುಣದ ಲೋಹವಾದ್ದರಿಂದ ಅತಿವಾಹಕತೆಗೆ ವೈರಿ ಎಂದೇ ಬಹುಕಾಲ ಭಾವಿಸಲಾಗಿತ್ತು. 2008ರಲ್ಲಿ ಜಪಾನಿನ ಹಿದೆಯೊ ಹೊಸೊನೊ ತಂಡ ಕಬ್ಬಿಣ ಮತ್ತು ಆರ್ಸೆನಿಕ್ ಸೇರಿದ ಸಂಯುಕ್ತವೊಂದರಲ್ಲಿ 26 ಕೆಲ್ವಿನ್‌ನ ಅತಿವಾಹಕತೆ ಕಂಡಾಗ ಆ ಭಾವನೆ ಹುಸಿಯಾಯಿತು. ಅದೇ ವರ್ಷ ತೈವಾನಿನ ಮೌ-ಕುಯೆನ್ ವು ತಂಡ ಐರನ್ ಸೆಲೆನೈಡ್‌ನ ಅತಿವಾಹಕತೆಯನ್ನು ಪ್ರಕಟಿಸಿತು. ಕಬ್ಬಿಣದ ಅತಿವಾಹಕಗಳಲ್ಲಿ ರಚನೆಯ ದೃಷ್ಟಿಯಿಂದ ಅತ್ಯಂತ ಸರಳವಾದದ್ದು ಇದೇ: ಕಬ್ಬಿಣದ ಪರಮಾಣುಗಳ ಒಂದು ಚೌಕಳಿ ಹಾಸು, ಅದರ ಮೇಲೂ ಕೆಳಗೂ ಸೆಲೆನಿಯಂ. ಇಂಥ ಪದರಗಳು ಇಸ್ಪೀಟು ಎಲೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಭಾರೀ ಒತ್ತಡಕ್ಕೆ ಸಿಲುಕಿಸಿದರೆ ಇದರ ಸಂಕ್ರಮಣ ತಾಪ ಸುಮಾರು 37 ಕೆಲ್ವಿನ್‌ಗೆ ಏರುತ್ತದೆ ಎಂದು 2009ರಲ್ಲಿ ತಿಳಿದುಬಂತು. ಈ ಸರಳ ವಸ್ತುವಿನಲ್ಲಿ ಅಡಗಿದ ಶಕ್ತಿ ಇನ್ನೂ ಇದೆ ಎಂಬ ಸುಳಿವು ಅದರಲ್ಲಿತ್ತು.

2012ರ ಪ್ರಯೋಗ

ಷ್ವೆ ತಂಡ ಆರಿಸಿಕೊಂಡ ತಳಹಾಸು ಸ್ಟ್ರಾನ್ಷಿಯಂ ಟೈಟನೇಟ್. ಹಿಂದೊಮ್ಮೆ ನಕಲಿ ವಜ್ರವಾಗಿ ಆಭರಣದಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಈ ಪಾರದರ್ಶಕ ಹರಳು ಇಂದು ಪ್ರಯೋಗಾಲಯಗಳ ನೆಚ್ಚಿನ ತಳಹಾಸು. ಅತಿ ನಿರ್ವಾತದ ಪಾತ್ರೆಯೊಳಗೆ ಕಬ್ಬಿಣ ಮತ್ತು ಸೆಲೆನಿಯಂಗಳನ್ನು ಆವಿಯಾಗಿಸಿ, ಕಾದ ಹರಳಿನ ಮೇಲೆ ಪರಮಾಣುಗಳು ನಿಧಾನವಾಗಿ ಕೂರುವಂತೆ ಮಾಡಿ ಪದರ ಬೆಳೆಸಲಾಯಿತು. ಸಿಕ್ಕಿದ ಪದರದ ದಪ್ಪ ಸುಮಾರು 0.55 ನ್ಯಾನೊಮೀಟರ್, ಅಂದರೆ ತಲೆಗೂದಲಿನ ದಪ್ಪದ ಒಂದು ಲಕ್ಷದ ಪಾಲಿಗಿಂತಲೂ ಕಡಿಮೆ.

ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದ ಸೂಜಿಮೊನೆಯಿಂದ ಅಳೆದಾಗ ಈ ಪದರದಲ್ಲಿ ಸುಮಾರು 20 ಮಿಲಿ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಅಂತರ ಕಂಡಿತು. ದಪ್ಪ ಹರಳಿನಲ್ಲಿರುವುದು ಇದರ ಸಣ್ಣ ಪಾಲು ಮಾತ್ರ. ಎರಡರ ಅನುಪಾತದಿಂದ ಲೆಕ್ಕ ಹಾಕಿದ ತಂಡ, ಸಂಕ್ರಮಣ ತಾಪ 77 ಕೆಲ್ವಿನ್ ಆಸುಪಾಸಿನಲ್ಲಿರಬಹುದೆಂದು ಊಹಿಸಿತು. ಅದೊಂದು ಊಹೆ ಮಾತ್ರವಾಗಿತ್ತು ಎಂಬುದನ್ನು ಮುಂದಿನ ವರ್ಷಗಳ ಸುದ್ದಿಗಳು ಹಲವು ಬಾರಿ ಮರೆತವು. ಮರುವರ್ಷದ ಹೊತ್ತಿಗೆ ಚೀನಾದ ಬೇರೆ ತಂಡಗಳು, ಬೆಳಕು ಬಿದ್ದಾಗ ಹೊರಚಿಮ್ಮುವ ಎಲೆಕ್ಟ್ರಾನುಗಳ ಶಕ್ತಿಯನ್ನೂ ದಿಕ್ಕನ್ನೂ ಅಳೆಯುವ ದ್ಯುತಿ ಉತ್ಸರ್ಜನ ವಿಧಾನದಿಂದ, ಶಕ್ತಿ ಅಂತರವು 65 ಕೆಲ್ವಿನ್ ಸುಮಾರಿನವರೆಗೆ ಉಳಿಯುತ್ತದೆಂದು ತೋರಿಸಿದವು.

ಹರಳಿನ ಕೊನೆಯ ಸಾಲುಗಳು

ಸ್ಟ್ರಾನ್ಷಿಯಂ ಟೈಟನೇಟ್ ಹರಳನ್ನು ಪಕ್ಕದಿಂದ ನೋಡಿದರೆ ಅದು ಎರಡು ಬಗೆಯ ಸಾಲುಗಳ ಸರಣಿ: ಸ್ಟ್ರಾನ್ಷಿಯಂ ಮತ್ತು ಆಮ್ಲಜನಕದ ಸಾಲೊಂದು, ಟೈಟಾನಿಯಂ ಮತ್ತು ಆಮ್ಲಜನಕದ ಸಾಲೊಂದು, ಹೀಗೆ ಒಂದಾದ ಮೇಲೊಂದು. ಹರಳನ್ನು ಕತ್ತರಿಸಿ ನುಣುಪು ಮಾಡಿದಾಗ ಮೇಲ್ಮೈಯಲ್ಲಿ ಎರಡೂ ಬಗೆಯ ಸಾಲುಗಳು ಅಲ್ಲಲ್ಲಿ ತೇಪೆ ತೇಪೆಯಾಗಿ ಉಳಿಯುತ್ತವೆ. ಆಮ್ಲದ ಉಪಚಾರದಿಂದ ಟೈಟಾನಿಯಂ ಸಾಲು ಮಾತ್ರ ಮೇಲೆ ಉಳಿಯುವಂತೆ ಮಾಡುವ ವಿಧಾನವನ್ನು 1994ರಲ್ಲಿ ಜಪಾನಿನ ಸಂಶೋಧಕರು ರೂಪಿಸಿದರು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಮೊದಲು ನವಸಾಗರದಿಂದ ಉಜ್ಜಿ ಲೋಹದ ಮೈಯನ್ನು ಅಣಿಮಾಡದಿದ್ದರೆ ತವರ ಹಿಡಿಯುವುದಿಲ್ಲ. ಇಲ್ಲಿಯೂ ನ್ಯಾಯ ಅದೇ, ಆದರೆ ಅಣಿಮಾಡಬೇಕಾದದ್ದು ಒಂದೇ ಒಂದು ಪರಮಾಣುವಿನ ಆಳದಷ್ಟು.

ಐರನ್ ಸೆಲೆನೈಡ್ ಪದರ ಬೆಳೆಸುವ ಮುನ್ನ ಹರಳನ್ನು ನಿರ್ವಾತದಲ್ಲಿ ಕಾಯಿಸಲಾಗುತ್ತದೆ. ಆಗ ಮೇಲ್ಮೈ ಮತ್ತೊಮ್ಮೆ ಮರುಜೋಡಣೆಗೊಳ್ಳುತ್ತದೆ. 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅದೇ ಅವಧಿಯಲ್ಲಿ ಚೀನಾದ ವಿಜ್ಞಾನಿಗಳು ಸಂಧಿತಲವನ್ನು ಸೂಕ್ಷ್ಮವಾಗಿ ಪರಿಶೀಲಿಸಿದಾಗ ಅಲ್ಲಿ ನಿರೀಕ್ಷೆಯಂತೆ ಒಂದಲ್ಲ, ಟೈಟಾನಿಯಂ ಆಕ್ಸೈಡಿನ ಎರಡು ಸಾಲುಗಳು ಒಂದರ ಮೇಲೊಂದು ಇದ್ದವು. ಹರಳಿನ ಸಹಜ ಕ್ರಮದಲ್ಲಿ ಇಂಥ ಜೋಡಿ ಸಾಲಿಗೆ ಜಾಗವೇ ಇಲ್ಲ. ಅದು ಮೇಲ್ಮೈಯಲ್ಲಿ ಮಾತ್ರ ಹುಟ್ಟುವ ರಚನೆ. ಪದರವನ್ನು ಹೊತ್ತಿರುವುದು ಸ್ಟ್ರಾನ್ಷಿಯಂ ಟೈಟನೇಟ್ ಎಂದು ಹೆಸರಿಗೆ ಹೇಳಿದರೂ ಅದು ನಿಜಕ್ಕೂ ಮುಟ್ಟಿಕೊಂಡಿರುವುದು ಈ ಜೋಡಿ ಸಾಲನ್ನು.

ಇದಕ್ಕೆ ಪೂರಕವಾದ ಮತ್ತೊಂದು ಸಾಕ್ಷ್ಯವೂ 2016ರಲ್ಲಿಯೇ ದೊರೆಯಿತು. ಸ್ಟ್ರಾನ್ಷಿಯಂ ಇಲ್ಲದ, ಬರೀ ಟೈಟಾನಿಯಂ ಡೈಆಕ್ಸೈಡಿನ ತಳಹಾಸಿನ ಮೇಲೆ ಬೆಳೆಸಿದ ಐರನ್ ಸೆಲೆನೈಡ್ ಪದರದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಶಕ್ತಿ ಅಂತರ ಕಂಡಿತು. ಅಂದರೆ ಮುಖ್ಯ ಪಾತ್ರ ಟೈಟಾನಿಯಂ ಆಕ್ಸೈಡಿನದು.

ಪದರ ಮತ್ತು ತಳಹಾಸಿನ ಅಳತೆಗಳು ಪರಸ್ಪರ ಹೊಂದುವುದೂ ಇಲ್ಲ. ಐರನ್ ಸೆಲೆನೈಡಿನ ಚೌಕಳಿಯ ಬದಿ ಸುಮಾರು 0.377 ನ್ಯಾನೊಮೀಟರ್, ಸ್ಟ್ರಾನ್ಷಿಯಂ ಟೈಟನೇಟಿನದು 0.3905. ಕೆಳಗಿನ ಚೌಕಳಿಗೆ ಹೊಂದಿಕೊಳ್ಳಲು ಮೇಲಿನ ಪದರ ಹಿಗ್ಗಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮತ್ತು ಕ್ಷ-ಕಿರಣಗಳ ವಿವರ್ತನೆ ಎರಡನ್ನೂ ಬಳಸಿ ಈ ಹೊಂದಾಣಿಕೆಯನ್ನು ಪಿಕೊಮೀಟರ್ ಮಟ್ಟದಲ್ಲಿ ಅಳೆಯಿತು. ಒಂದು ಪಿಕೊಮೀಟರ್ ಎಂದರೆ ನ್ಯಾನೊಮೀಟರಿನ ಸಾವಿರದ ಒಂದು ಪಾಲು. ಮೇಲಿನ ಪರಮಾಣುಗಳು ಕೆಳಗಿನವುಗಳ ಮೇಲೆ ಒಂದು ನಿರ್ದಿಷ್ಟ ಸ್ಥಾನದಲ್ಲಿ ಕುಳಿತಾಗ ಬಂಧ ಹೆಚ್ಚು ಬಲವಾಗುತ್ತದೆ, ಆಗಲೇ ಪದರ ಸಮನಾಗಿ ಹಿಗ್ಗುತ್ತದೆ ಎಂದು ಕಂಡುಬಂತು. ಸೆಲೆನಿಯಂ, ಕಬ್ಬಿಣ, ಸೆಲೆನಿಯಂ ನಡುವಿನ ಕೋನವನ್ನೂ ಅದೇ ಅಧ್ಯಯನ ಅಳೆದಿದೆ. ಕಬ್ಬಿಣದ ಅತಿವಾಹಕಗಳಲ್ಲಿ ಈ ಕೋನದ ಸಣ್ಣ ವ್ಯತ್ಯಾಸವೂ ಸಂಕ್ರಮಣ ತಾಪವನ್ನು ಬದಲಿಸಬಲ್ಲದು ಎಂಬ ಮಾತು ಮೊದಲಿನಿಂದಲೂ ಇದೆ.

ಇಷ್ಟಾಗಿಯೂ ಪದರ ಬೆಳೆಸಿದ ಕೂಡಲೇ ಅತಿವಾಹಕವಾಗುವುದಿಲ್ಲ. ಅದನ್ನು ನಿರ್ವಾತದಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸಬೇಕು. ಈ ಕಾಯಿಸುವಿಕೆಯಲ್ಲಿ ಹೆಚ್ಚುವರಿ ಸೆಲೆನಿಯಂ ಹೊರಟುಹೋಗುತ್ತದೆ, ತಳಹಾಸಿನಿಂದ ಒಂದಿಷ್ಟು ಆಮ್ಲಜನಕ ಕಳೆದುಹೋಗುತ್ತದೆ, ಪದರದೊಳಗಿನ ಎಲೆಕ್ಟ್ರಾನುಗಳ ಸಂಖ್ಯೆ ಏರುತ್ತದೆ. ಹದ ತಪ್ಪಿದರೆ ಅತಿವಾಹಕತೆಯೂ ಇಲ್ಲ. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಹಾಗೆಯೇ ಮರುಕಳಿಸದಿರಲು ಇದೂ ಒಂದು ಕಾರಣ.

ಆವೇಶದ ಕೊಡುಗೆ

ಸಂಧಿತಲ ಮಾಡುವ ಮೊದಲ ಕೆಲಸ ಎಲೆಕ್ಟ್ರಾನುಗಳನ್ನು ಒದಗಿಸುವುದು. ಇದರ ಬಗ್ಗೆ ಈಗ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆಮ್ಲಜನಕ ಕಳೆದುಕೊಂಡ ತಳಹಾಸಿನಲ್ಲಿ ಎಲೆಕ್ಟ್ರಾನುಗಳು ಮಿಗುತ್ತವೆ. ಎರಡು ವಸ್ತುಗಳಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಡುವ ಬಲ ಬೇರೆ ಬೇರೆಯಾದ್ದರಿಂದ ಅವು ಮೇಲಿನ ಪದರಕ್ಕೆ ಹರಿಯುತ್ತವೆ. ಪ್ರತಿ ಕಬ್ಬಿಣದ ಪರಮಾಣುವಿಗೆ ಸುಮಾರು 0.1 ಎಲೆಕ್ಟ್ರಾನ್ ಹೀಗೆ ದೊರೆಯುತ್ತದೆ. ಹತ್ತು ಪರಮಾಣುಗಳಿಗೆ ಒಂದು ಎಂದರೆ ಅಲ್ಪವೆನಿಸಬಹುದು; ಆದರೆ ದಪ್ಪ ಹರಳಿನಲ್ಲಿ ಧನ ಆವೇಶದಂತೆ ವರ್ತಿಸುವ ವಾಹಕಗಳ ಒಂದು ಗುಂಪನ್ನು ಪೂರ್ತಿ ಅಳಿಸಿಹಾಕಿ, ಪದರದ ಎಲೆಕ್ಟ್ರಾನ್ ವ್ಯವಸ್ಥೆಯ ಸ್ವರೂಪವನ್ನೇ ಬದಲಿಸಲು ಅಷ್ಟು ಸಾಕು. ಎರಡನೆಯ ಪದರಕ್ಕೆ ಈ ಕೊಡುಗೆ ಬಹುತೇಕ ತಲುಪುವುದಿಲ್ಲ. ಅಲ್ಲಿ ಅತಿವಾಹಕತೆ ಕಾಣದಿರುವುದಕ್ಕೆ ಇದು ನೇರವಾದ ವಿವರಣೆ.

ಹಾಗಾದರೆ ಎಲೆಕ್ಟ್ರಾನುಗಳೇ ಎಲ್ಲಕ್ಕೂ ಕಾರಣವೇ? ಅದನ್ನು ಪರೀಕ್ಷಿಸಲು ಸಂಶೋಧಕರು ತಳಹಾಸಿನ ನೆರವಿಲ್ಲದೆ ಎಲೆಕ್ಟ್ರಾನುಗಳನ್ನು ಕೊಟ್ಟು ನೋಡಿದರು. 2015ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಂಡ ಹಲವು ಪದರಗಳ ಐರನ್ ಸೆಲೆನೈಡಿನ ಮೇಲೆ ಪೊಟ್ಯಾಸಿಯಂ ಪರಮಾಣುಗಳನ್ನು ಸಿಂಪಡಿಸಿತು. ಪೊಟ್ಯಾಸಿಯಂ ತನ್ನ ಹೊರಗಿನ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ. ಆಗ ಸಂಕ್ರಮಣ ತಾಪ 48 ಕೆಲ್ವಿನ್ ಸಮೀಪಕ್ಕೆ ಏರಿತು. ಪದರಗಳ ನಡುವೆ ಬೇರೆ ಅಣುಗಳನ್ನು ತೂರಿಸಿ ಮಾಡಿದ ದಪ್ಪ ಹರಳುಗಳಲ್ಲಿಯೂ ನಲವತ್ತರ ಆಸುಪಾಸಿನ ತಾಪಗಳೇ ದೊರೆತಿವೆ.

ಲೆಕ್ಕ ಇಲ್ಲಿ ಕುತೂಹಲಕರವಾಗುತ್ತದೆ. 8ರಿಂದ 40ರ ದಶಕದವರೆಗಿನ ಏರಿಕೆಯನ್ನು ಆವೇಶದ ಕೊಡುಗೆಯಿಂದ ವಿವರಿಸಬಹುದು. ಅಲ್ಲಿಂದ 65ರವರೆಗಿನ ಉಳಿದ ಸುಮಾರು 20 ಡಿಗ್ರಿಗಳಿಗೆ ಬೇರೆ ಕಾರಣ ಬೇಕು. ಅದು ಸಂಧಿತಲದಲ್ಲಿ ಮಾತ್ರ ಇರುವಂಥದ್ದಾಗಿರಬೇಕು.

ಆಮ್ಲಜನಕದ ನಡುಕ

2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಝಿ-ಷುನ್ ಶೆನ್ ತಂಡ ಒಂದು ವಿಚಿತ್ರವನ್ನು ಗಮನಿಸಿತು. ಪದರದಲ್ಲಿನ ಎಲೆಕ್ಟ್ರಾನುಗಳ ಶಕ್ತಿಯನ್ನು ನಕ್ಷೆಯಾಗಿ ಬಿಡಿಸಿದಾಗ ಪ್ರತಿ ಮುಖ್ಯ ಗೆರೆಯ ಕೆಳಗೆ ಸುಮಾರು 100 ಮಿಲಿ ಎಲೆಕ್ಟ್ರಾನ್ ವೋಲ್ಟ್ ಅಂತರದಲ್ಲಿ ಅದರದೇ ಮಸುಕಾದ ಪ್ರತಿಬಿಂಬ ಕಾಣುತ್ತಿತ್ತು. ಸ್ಟ್ರಾನ್ಷಿಯಂ ಟೈಟನೇಟಿನ ಆಮ್ಲಜನಕ ಅಯಾನುಗಳು ನಡುಗುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ತಳಹಾಸಿನಲ್ಲಿ ಆಮ್ಲಜನಕ ಮೇಲೆ ಕೆಳಗೆ ನಡುಗಿದಾಗ ಉಂಟಾಗುವ ವಿದ್ಯುತ್ ಕ್ಷೇತ್ರ ಗಡಿ ದಾಟಿ ಮೇಲಿನ ಪದರದ ಎಲೆಕ್ಟ್ರಾನುಗಳನ್ನು ಮುಟ್ಟುತ್ತದೆ, ಜೋಡಿಗಳನ್ನು ಇನ್ನಷ್ಟು ಬಿಗಿಯಾಗಿಸುತ್ತದೆ ಎಂದು ತಂಡ ವಾದಿಸಿತು. ಮೃದಂಗದ ನಾದ ಬರೀ ಚರ್ಮದ್ದಲ್ಲ, ಕೆಳಗಿನ ಕಟ್ಟಿಗೆಯ ಒಡಲೂ ಅದರಲ್ಲಿ ಪಾಲುಗೊಳ್ಳುತ್ತದೆ ಎಂಬುದನ್ನು ಬಲ್ಲವರಿಗೆ ಈ ವಾದ ಅಪರಿಚಿತವೆನಿಸದು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಆ ಪ್ರತಿಬಿಂಬಗಳು ಪದರದೊಳಗಿನ ಸಂಗತಿಯೇ ಅಲ್ಲ. ಬೆಳಕು ಬಿದ್ದು ಹೊರಬಿದ್ದ ಎಲೆಕ್ಟ್ರಾನ್ ದಾರಿಯಲ್ಲಿ ತಳಹಾಸಿನ ಕಂಪನಕ್ಕೆ ಒಂದಿಷ್ಟು ಶಕ್ತಿ ತೆತ್ತದ್ದರ ಗುರುತು ಮಾತ್ರ ಎಂದು 2018ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು ಲೆಕ್ಕಾಚಾರ ಮುಂದಿಟ್ಟರು. ಆಕ್ಷೇಪ ಗಂಭೀರವಾದದ್ದು. ಅದು ನಿಜವಾದರೆ ಪ್ರತಿಬಿಂಬಕ್ಕೂ ಅತಿವಾಹಕತೆಗೂ ಸಂಬಂಧವೇ ಇರಬೇಕಾಗಿಲ್ಲ.

ಮರುವರ್ಷ ಚೀನಾದ ಸಂಶೋಧಕರು ಬೇರೊಂದು ದಾರಿ ಹಿಡಿದರು. ತಳಹಾಸಿನ ಸಾಮಾನ್ಯ ಆಮ್ಲಜನಕದ ಬದಲು ಭಾರವಾದ ಆಮ್ಲಜನಕ-18 ಇರುವ ಹರಳನ್ನೂ ಬಳಸಿ ಹಲವಾರು ಪದರಗಳನ್ನು ಹೋಲಿಸಿದರು. ಪ್ರತಿಬಿಂಬ ತಳಹಾಸಿನ ಆಮ್ಲಜನಕದಿಂದಲೇ ಬರುತ್ತದೆಂಬುದು ಅದರಿಂದ ಖಚಿತವಾಯಿತು. ಪ್ರತಿಬಿಂಬ ತೋರಿಸುವ ಕಂಪನದ ನಂಟು ಬಲವಾದಷ್ಟೂ ಶಕ್ತಿ ಅಂತರವೂ ಅದೇ ಅನುಪಾತದಲ್ಲಿ ಹಿರಿದಾಗುವುದು ಕಂಡಿತು. ಬರೀ ದಾರಿಖರ್ಚಿನ ಗುರುತಾಗಿದ್ದರೆ ಅತಿವಾಹಕತೆಯ ಬಲ ಅದರೊಂದಿಗೆ ಹೀಗೆ ಹೆಜ್ಜೆ ಹಾಕಲು ಕಾರಣವಿರಲಿಲ್ಲ.

ಸಂಧಿತಲದ ಕಂಪನಗಳನ್ನು ನೇರವಾಗಿ ನೋಡುವುದು 2024ರಲ್ಲಿ ಸಾಧ್ಯವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಷಿಯಾವೊಛಿಂಗ್ ಪ್ಯಾನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರಮಾಣು ಸಾಲುಗಳನ್ನು ಒಂದೊಂದಾಗಿ ಶೋಧಿಸಿ, ಪದರದಲ್ಲಿಯೂ ಇಲ್ಲದ, ತಳಹಾಸಿನ ಒಳಗೂ ಇಲ್ಲದ, ಸಂಧಿತಲದಲ್ಲಿ ಮಾತ್ರ ಇರುವ ಕಂಪನಗಳನ್ನು ಗುರುತಿಸಿದರು. 75ರಿಂದ 99 ಮಿಲಿ ಎಲೆಕ್ಟ್ರಾನ್ ವೋಲ್ಟ್ ವ್ಯಾಪ್ತಿಯ ಈ ಕಂಪನಗಳ ಮೂಲ ಮೇಲೆ ಹೇಳಿದ ಜೋಡಿ ಸಾಲಿನ ಹಾಗೂ ಅದರ ಕೆಳಗಿನ ಹರಳಿನ ಆಮ್ಲಜನಕ. ಎಲೆಕ್ಟ್ರಾನುಗಳೊಂದಿಗೆ ಅವುಗಳ ನಂಟು ಪ್ರಬಲವಾದದ್ದು. ಪದರ ಮತ್ತು ಆ ಜೋಡಿ ಸಾಲಿನ ನಡುವಿನ ದೂರ ಒಂದೇ ಮಾದರಿಯಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಶಕ್ತಿ ಅಂತರವೂ ಬದಲಾಗುತ್ತದೆ ಎಂಬುದು ಅವರ ಇನ್ನೊಂದು ನಿರೀಕ್ಷಣೆ. ಪದರ ಎಲ್ಲೆಡೆ ಸಮವಾಗಿ ಕೂತಿಲ್ಲದಿದ್ದರೆ ಅತಿವಾಹಕತೆಯೂ ಸಮವಾಗಿರದು.

ನಿಜವಾದ ತಾಪ ಯಾವುದು?

65 ಎಂಬ ಸಂಖ್ಯೆಯನ್ನು ಒಪ್ಪುವ ಮುನ್ನ ಎಚ್ಚರ ಅಗತ್ಯ. ಶಕ್ತಿ ಅಂತರ ಕಂಡಿತೆಂದರೆ ಎಲೆಕ್ಟ್ರಾನುಗಳು ಜೋಡಿಯಾಗಿವೆ ಎಂದರ್ಥ. ರೋಧ ಶೂನ್ಯವಾಯಿತು ಎಂದಲ್ಲ. ರೋಧವನ್ನು ನೇರವಾಗಿ ಅಳೆಯುವುದು ಸುಲಭವೂ ಅಲ್ಲ, ಏಕೆಂದರೆ ಈ ಪದರ ಗಾಳಿ ಸೋಕಿದೊಡನೆ ಕೆಡುತ್ತದೆ. 2014ರಲ್ಲಿ ಪದರದ ಮೇಲೆ ಐರನ್ ಟೆಲ್ಯುರೈಡಿನ ಹೊದಿಕೆ ಹಾಕಿ ಹೊರತೆಗೆದು ಅಳೆದಾಗ ರೋಧ ಇಳಿಯತೊಡಗಿದ್ದು 40 ಕೆಲ್ವಿನ್‌ಗಿಂತ ತುಸು ಮೇಲೆ. ಶೂನ್ಯ ಮುಟ್ಟಿದ್ದು ಅದಕ್ಕಿಂತ ಸಾಕಷ್ಟು ಕೆಳಗೆ. ಆದರೂ 2 ಕೆಲ್ವಿನ್‌ನಲ್ಲಿ ಆ ಪದರ ಪ್ರತಿ ಚದರ ಸೆಂಟಿಮೀಟರಿಗೆ 17 ಲಕ್ಷ ಆಂಪಿಯರ್ ಸಾಂದ್ರತೆಯ ಪ್ರವಾಹವನ್ನು ತಡೆದುಕೊಂಡಿತು. ದಪ್ಪ ಹರಳಿನ ಮಿತಿ ಹತ್ತು ಸಾವಿರದ ಸುಮಾರು.

2015ರಲ್ಲಿ ಎರಡು ವರದಿಗಳು ಬಂದವು. ಶಾಂಘೈನ ಒಂದು ತಂಡ ನಿರ್ವಾತದ ಒಳಗೇ ನಾಲ್ಕು ಸೂಜಿಗಳಿಂದ ರೋಧ ಅಳೆದು 100 ಕೆಲ್ವಿನ್‌ಗೂ ಮೇಲೆ ಅತಿವಾಹಕತೆ ಕಂಡಿದ್ದಾಗಿ ಪ್ರಕಟಿಸಿತು. ಇನ್ನೊಂದು ತಂಡ ಕಾಂತಕ್ಷೇತ್ರವನ್ನು ಹೊರದೂಡುವ ಲಕ್ಷಣ 65 ಕೆಲ್ವಿನ್‌ನಲ್ಲಿ ಶುರುವಾಗುವುದನ್ನು ಅಳೆಯಿತು. ಮೊದಲನೆಯದು ನಿಜವಾಗಿದ್ದರೆ ದ್ರವ ಸಾರಜನಕದ ಗೆರೆ ದಾಟಿದಂತೆಯೇ. ಆದರೆ ಆ ಸಂಖ್ಯೆಗೆ ವಿಜ್ಞಾನಲೋಕದಲ್ಲಿ ಸಾಮಾನ್ಯ ಒಪ್ಪಿಗೆ ದೊರೆತಿಲ್ಲ.

2021ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಪದರವನ್ನು ಗಾಳಿಗೆ ಒಡ್ಡದೆ ಎರಡೂ ವಿಧಾನಗಳಿಂದ ಅಳೆದರು. ಶಕ್ತಿ ಅಂತರ 70 ಕೆಲ್ವಿನ್ ಆಸುಪಾಸಿನಲ್ಲಿಯೇ ತೆರೆಯಿತು, ರೋಧ ಶೂನ್ಯವಾದದ್ದು 30ರ ಸುಮಾರಿಗೆ. ನಡುವಿನ 40 ಡಿಗ್ರಿಗಳಲ್ಲಿ ಜೋಡಿಗಳಿವೆ, ಅವುಗಳಲ್ಲಿ ಲಯವಿಲ್ಲ. ಎರಡೇ ಆಯಾಮಗಳಿರುವ ವ್ಯವಸ್ಥೆಯಲ್ಲಿ ಸುಳಿಗಳು ಹುಟ್ಟಿ ಲಯವನ್ನು ಕೆಡಿಸುತ್ತವೆ ಎಂಬುದನ್ನು ಬೆರೆಜಿನ್‌ಸ್ಕಿ, ಕೋಸ್ಟರ್‌ಲಿಟ್ಜ್ ಮತ್ತು ಥೌಲೆಸ್ ಎಪ್ಪತ್ತರ ದಶಕದಲ್ಲಿಯೇ ತೋರಿಸಿದ್ದರು. ಕೊನೆಯ ಇಬ್ಬರಿಗೆ 2016ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿದೆ. ಹೀಗೆ ನೋಡಿದರೆ ಸಂಧಿತಲ ಕೊಟ್ಟ ವರದಲ್ಲಿಯೇ ಒಂದು ತೊಡಕಿದೆ. ಜೋಡಿಗಳನ್ನು ಬಲಪಡಿಸುವ ತಳಹಾಸಿನ ಪ್ರಭಾವ ಮೊದಲ ಪದರಕ್ಕೆ ಮಾತ್ರ ಮೀಸಲು, ಒಂದೇ ಪದರದಲ್ಲಿ ಲಯ ಹಿಡಿಯುವುದು ಕಷ್ಟ.

ಬೇರೆ ಸಂಧಿತಲಗಳು

ಐರನ್ ಸೆಲೆನೈಡ್ ಒಂಟಿ ಉದಾಹರಣೆಯಲ್ಲ. ಸ್ಟ್ರಾನ್ಷಿಯಂ ಟೈಟನೇಟಿನ ಮೇಲೆ ಲ್ಯಾಂಥನಂ ಅಲ್ಯುಮಿನೇಟ್ ಬೆಳೆಸಿದರೆ ಎರಡು ಅವಾಹಕಗಳ ನಡುವೆ ವಿದ್ಯುತ್ ಹರಿಯುವ ತೆಳು ಹಾಳೆಯೊಂದು ಹುಟ್ಟುತ್ತದೆಂದು 2004ರಲ್ಲಿ ಒಹ್ತೊಮೊ ಮತ್ತು ಹ್ವಾಂಗ್ ಪ್ರಕಟಿಸಿದ್ದರು. ತಳಹಾಸು ಟೈಟಾನಿಯಂ ಸಾಲಿನಲ್ಲಿ ಕೊನೆಗೊಂಡರೆ ಮಾತ್ರ ಹಾಗೆ. ಸ್ಟ್ರಾನ್ಷಿಯಂ ಸಾಲಿನಲ್ಲಿ ಕೊನೆಗೊಂಡರೆ ಸಂಧಿತಲ ಅವಾಹಕವಾಗಿಯೇ ಉಳಿಯುತ್ತದೆ. ಒಂದು ಪರಮಾಣು ಸಾಲಿನ ವ್ಯತ್ಯಾಸ ಇಷ್ಟನ್ನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಸ್ವಚ್ಛ ನಿದರ್ಶನ ಸಿಗದು. 2007ರಲ್ಲಿ ಈ ಹಾಳೆ 0.2 ಕೆಲ್ವಿನ್ ಸುಮಾರಿನಲ್ಲಿ ಅತಿವಾಹಕವಾಗುವುದೂ ತಿಳಿಯಿತು.

ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದ ಇವಾನ್ ಬೊಜೊವಿಚ್ ತಂಡ 2008ರಲ್ಲಿ ತಾಮ್ರದ ಆಕ್ಸೈಡಿನ ಎರಡು ಪದರಗಳನ್ನು ಕೂಡಿಸಿತು. ಒಂದು ಅವಾಹಕ, ಇನ್ನೊಂದು ಸಾಮಾನ್ಯ ಲೋಹ. ಬಿಡಿಯಾಗಿ ಎರಡೂ ಅತಿವಾಹಕಗಳಲ್ಲ. ಅವು ಕೂಡಿದ ಜಾಗ ಮಾತ್ರ ಅತಿವಾಹಕವಾಯಿತು. ಮರುವರ್ಷ ಅದೇ ತಂಡ ಸಾಲುಸಾಲಾಗಿ ಸತುವಿನ ಪರಮಾಣುಗಳನ್ನು ಬೆರೆಸಿ, ಅತಿವಾಹಕತೆ ನೆಲೆಸಿರುವುದು ಒಂದೇ ಒಂದು ತಾಮ್ರದ ಸಾಲಿನಲ್ಲಿ ಎಂದು ಪತ್ತೆಹಚ್ಚಿತು. 2021ರಲ್ಲಿ ಪೊಟ್ಯಾಸಿಯಂ ಟ್ಯಾಂಟಲೇಟ್ ಹರಳಿನ ಮೇಲ್ಮೈಯನ್ನು ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಆನಂದ್ ಭಟ್ಟಾಚಾರ್ಯ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಅಚ್ಚರಿಯೊಂದು ಕಾದಿತ್ತು: ಹರಳನ್ನು ಮೂಲೆಗೆ ಓರೆಯಾಗಿ ಕತ್ತರಿಸಿದ ಮುಖದಲ್ಲಿ 2.2 ಕೆಲ್ವಿನ್‌ವರೆಗೆ ಅತಿವಾಹಕತೆ, ನೇರವಾಗಿ ಕತ್ತರಿಸಿದ ಮುಖದಲ್ಲಿ ಅದು ಕಾಣಲೇ ಇಲ್ಲ.

ತೀರ ಇತ್ತೀಚಿನದು ನಿಕ್ಕಲ್ ಆಕ್ಸೈಡುಗಳ ಕಥೆ. ಲ್ಯಾಂಥನಂ ಮತ್ತು ನಿಕ್ಕಲ್‌ಗಳ ಆಕ್ಸೈಡೊಂದು ಭಾರೀ ಒತ್ತಡದಲ್ಲಿ 80 ಕೆಲ್ವಿನ್ ಸಮೀಪ ಅತಿವಾಹಕವಾಗುತ್ತದೆಂದು 2023ರಲ್ಲಿ ಚೀನಾದಿಂದ ವರದಿಯಾಯಿತು. ಅಂಥ ಒತ್ತಡವನ್ನು ಸಾಮಾನ್ಯವಾಗಿ ವಜ್ರಗಳ ನಡುವೆ ಹಿಂಡಿ ಪಡೆಯುತ್ತಾರೆ. 2024ರ ಕೊನೆಗೆ ಸ್ಟ್ಯಾನ್‌ಫರ್ಡಿನ ಹೆರಾಲ್ಡ್ ಹ್ವಾಂಗ್ ತಂಡ, ತನಗಿಂತ ಕಿರಿದಾದ ಚೌಕಳಿಯ ತಳಹಾಸಿನ ಮೇಲೆ ಅದೇ ಆಕ್ಸೈಡನ್ನು ಬೆಳೆಸಿತು. ಹೊಂದಿಕೊಳ್ಳಲು ಪದರ ಕುಗ್ಗಬೇಕಾಯಿತು, ಆ ಕುಗ್ಗುವಿಕೆ ಒತ್ತಡದ ಕೆಲಸ ಮಾಡಿತು. ಸಾಮಾನ್ಯ ವಾಯುಒತ್ತಡದಲ್ಲಿಯೇ 40 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕತೆ ಶುರುವಾಯಿತು. ಷೆಂಝೆನ್ ನಗರದಲ್ಲಿ ಷ್ವೆ ಮತ್ತು ಸಂಗಡಿಗರೂ ಬಹುತೇಕ ಅದೇ ಸಮಯಕ್ಕೆ ಇಂಥದೇ ಫಲಿತಾಂಶ ಪಡೆದರು.

ಪ್ರಯೋಗಾಲಯದಿಂದ ಹೊರಗೆ

ಸಂಧಿತಲದ ಶಿಸ್ತು ಬಳಕೆಗೆ ಬಂದಿರುವುದು ಬೇರೊಂದು ಅತಿವಾಹಕದಲ್ಲಿ. ಇಟ್ರಿಯಂ, ಬೇರಿಯಂ ಮತ್ತು ತಾಮ್ರದ ಆಕ್ಸೈಡ್ 93 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆಂದು 1987ರಲ್ಲಿ ಗೊತ್ತಾದಾಗ, ಆ ಗುಣಕ್ಕೆ ಕಾರಣವಾದ ಸಂಯುಕ್ತ ಯಾವುದೆಂದು ಮೊದಲಿಗೆ ಗುರುತಿಸಿದ ತಂಡಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರದೂ ಒಂದು. ದ್ರವ ಸಾರಜನಕದಲ್ಲಿ ಕೆಲಸ ಮಾಡುವ ವಸ್ತು ಸಿಕ್ಕಿತಾದರೂ ಅದರಿಂದ ತಂತಿ ಮಾಡುವುದು ದಶಕಗಳ ಕೆಲಸವಾಯಿತು. ಪಕ್ಕಪಕ್ಕದ ಹರಳ ಕಣಗಳು ಕೆಲವೇ ಡಿಗ್ರಿ ಓರೆಯಾಗಿ ಕೂಡಿದರೂ ಅವುಗಳ ಸಂಧಿಯಲ್ಲಿ ಪ್ರವಾಹ ಕುಸಿಯುತ್ತದೆಂಬುದನ್ನು 1988ರಲ್ಲಿ ಐಬಿಎಂ ಸಂಸ್ಥೆಯ ಡಿಮೋಸ್, ಪ್ರವೀಣ್ ಚೌಧರಿ ಮತ್ತು ಮಾನ್‌ಹಾರ್ಟ್ ತೋರಿಸಿದ್ದರು. ಹಾಗಾಗಿ ಇಂದಿನ ಅತಿವಾಹಕ ಪಟ್ಟಿಗಳಲ್ಲಿ ಲೋಹದ ಪಟ್ಟಿಯ ಮೇಲೆ ಹಲವು ಆಕ್ಸೈಡ್ ಪದರಗಳನ್ನು ಹಾಸಿ, ಪರಮಾಣುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡುವಂತೆ ಮಾಡಿದ ಬಳಿಕವೇ ಒಂದೆರಡು ಮೈಕ್ರೊಮೀಟರ್ ದಪ್ಪದ ಅತಿವಾಹಕವನ್ನು ಲೇಪಿಸಲಾಗುತ್ತದೆ.

ಐರನ್ ಸೆಲೆನೈಡಿನ ಒಂಟಿ ಪದರದಿಂದ ಯಾರೂ ಇನ್ನೂ ತಂತಿ ಮಾಡಿಲ್ಲ. ತಳಹಾಸು ಮತ್ತು ಪದರಗಳನ್ನು ಸರದಿಯಂತೆ ಒಂದರ ಮೇಲೊಂದು ಬೆಳೆಸಿ, ಪ್ರತಿ ಪದರಕ್ಕೂ ತನ್ನದೇ ಟೈಟಾನಿಯಂ ಆಕ್ಸೈಡ್ ನೆರೆ ಒದಗಿಸುವ ಯೋಚನೆ ಹಲವರಲ್ಲಿದೆ. ಸೆಲೆನೈಡನ್ನು ಕೆಡಿಸುವುದು ಆಮ್ಲಜನಕ, ಆಕ್ಸೈಡ್ ಬೆಳೆಸಲು ಬೇಕಾದದ್ದೂ ಆಮ್ಲಜನಕ. ಸದ್ಯಕ್ಕೆ ಆ ಯೋಚನೆ ತಡೆದು ನಿಂತಿರುವುದು ಇಲ್ಲಿ.